ಪಟ್ಟಿಯ ಕೊನೆಯ ಹೆಸರು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಎಚ್‌ಐವಿ ಇರುವವರಿಗೆ ಸರ್ಕಾರಿ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲೂ ಉಳಿದವರಂತೆಯೇ ಚಿಕಿತ್ಸೆ ಸಿಗುವಂತೆ ಮಾಡಬೇಕೆಂಬ ಮನವಿ.

ಮಾನ್ಯರೇ,

ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಎ.ಆರ್.ಟಿ. (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿಗಳ ಚಿಕಿತ್ಸೆ) ಕೇಂದ್ರದಲ್ಲಿ ಹದಿನಾಲ್ಕು ವರ್ಷ ಗುತ್ತಿಗೆಯ ಮೇಲೆ ಆಪ್ತ ಸಮಾಲೋಚಕಿಯಾಗಿ ದುಡಿದವಳು ನಾನು. ಈಗ ಆ ಕೆಲಸದಲ್ಲಿಲ್ಲ. ಕೆಲಸದಲ್ಲಿದ್ದಾಗ ಬರೆಯುವ ಧೈರ್ಯ ಬಾರದ ಪತ್ರವಿದು. ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸುವುದರ ಜೊತೆಗೆ ಎಲ್ಲರ ಮುಂದೆಯೂ ಇಡುತ್ತಿದ್ದೇನೆ. ಏಕೆಂದರೆ ಇದು ಒಬ್ಬ ವೈದ್ಯರ ಮೇಲಿನ ಅಥವಾ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ತಪ್ಪು ಎಂದು ಯಾರಿಗೂ ಅನ್ನಿಸದಷ್ಟು ರೂಢಿಯಾಗಿಹೋಗಿರುವ ಒಂದು ನಡವಳಿಕೆಯ ಬಗ್ಗೆ ನಾನು ಬರೆಯುತ್ತಿದ್ದೇನೆ.

ಮೊದಲು ಸರ್ಕಾರಕ್ಕೆ ಸಲ್ಲಬೇಕಾದ ಕೃತಜ್ಞತೆಯನ್ನು ಹೇಳಿಬಿಡುತ್ತೇನೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಎಚ್‌ಐವಿಗೆ ಕೊಡುವ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಆಫ್ರಿಕಾದ ರೋಗಿಗಳಿಗೆ ಕೊಡಲು ಮುಂದೆ ಬಂದಾಗ, ನಮ್ಮ ಜಿಲ್ಲೆಯ ಬಡವರಿಗೆ ಆ ಬೆಲೆಯೂ ನಿಲುಕುತ್ತಿರಲಿಲ್ಲ. 2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಎ.ಆರ್.ಟಿ. ಶುರುವಾಯಿತು. ಮೊದಲಿಗೆ ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ರೋಗ ತಡೆಯುವ ಶಕ್ತಿ ಎಷ್ಟಿದೆ ಎಂದು ತೋರಿಸುವ ಸಿಡಿ4 ರಕ್ತಕಣಗಳ ಎಣಿಕೆ ಸಾಕಷ್ಟು ಇಳಿಯದವರಿಗೆ ಮಾತ್ರೆ ಕೊಡುವಂತಿರಲಿಲ್ಲ. "ಆರು ತಿಂಗಳು ಬಿಟ್ಟು ಬಾ" ಎಂದು ನನ್ನ ಬಾಯಿಂದಲೇ ಹೇಳಿ ಕಳುಹಿಸಿದವರಲ್ಲಿ ಕೆಲವರು ಮರಳಿ ಬರಲೇ ಇಲ್ಲ. 2017ರಲ್ಲಿ ಆ ನಿಯಮ ಹೋಯಿತು. ಸೋಂಕು ಪತ್ತೆಯಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. ಈಗ ಡೊಲುಟೆಗ್ರಾವಿರ್ ಎಂಬ ಔಷಧಿ ಇರುವ ಒಂದೇ ಮಾತ್ರೆಯನ್ನು ದಿನಕ್ಕೊಮ್ಮೆ ನುಂಗಿದರೆ ಸಾಕು. ಗೋಣಿಚೀಲದಂತೆ ಹೆಗಲ ಮೇಲೆ ಹೊತ್ತು ತಂದ ಗಂಡಸು ವರ್ಷ ತುಂಬುವುದರೊಳಗೆ ಕಬ್ಬು ಕಡಿಯಲು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತ್ರೆಯ ವಿಷಯದಲ್ಲಿ ಈ ರಾಜ್ಯ ಮಾಡಿರುವ ಕೆಲಸವನ್ನು ಯಾರೂ ಸಣ್ಣದೆನ್ನಲಾರರು.

ನನ್ನ ದೂರು ಮಾತ್ರೆಯ ಕೋಣೆಯಿಂದ ಹೊರಗೆ ಬಂದ ಮೇಲೆ ಆಗುವುದರ ಬಗ್ಗೆ.

ಒಬ್ಬ ತಾಯಿಯ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ವಯಸ್ಸು ನಲವತ್ತರ ಆಸುಪಾಸು, ಜೋಳದ ಹೊಲದಲ್ಲಿ ಕೂಲಿ. ಬಸುರಿಯಾಗಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಸೋಂಕು ಗೊತ್ತಾಗಿತ್ತು. ಗಂಡ ಮರುವರ್ಷವೇ ತೀರಿಕೊಂಡ. ಹುಟ್ಟಿದ ಮಗುವಿಗೆ ಹದಿನೆಂಟನೆಯ ತಿಂಗಳಲ್ಲಿ ಮಾಡಿದ ಕೊನೆಯ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದ ದಿನ ಆಕೆ ನನ್ನ ಮೇಜಿನ ಮೇಲೆ ಒಂದು ಹಿಡಿ ಸಕ್ಕರೆ ಇಟ್ಟು ಹೋಗಿದ್ದಳು. ಅಂದಿನಿಂದ ಒಂದು ತಿಂಗಳೂ ಮಾತ್ರೆ ತಪ್ಪಿಸಿದವಳಲ್ಲ. ಆಕೆಯ ಚಿಕಿತ್ಸೆಯ ಹಸಿರು ಪುಸ್ತಕದಲ್ಲಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಬರೆಯುವ ಜಾಗದಲ್ಲಿ ವರ್ಷ ವರ್ಷವೂ ಇರುವುದು ಒಂದೇ ಮಾತು: ಪತ್ತೆಯಾಗಿಲ್ಲ.

ಆಕೆಗೆ ಗರ್ಭಕೋಶದಲ್ಲಿ ಗಡ್ಡೆಯಾಗಿ ವಿಪರೀತ ರಕ್ತಸ್ರಾವ ಶುರುವಾಯಿತು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಬರೆದರು, ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಸೇರಿಸಿಕೊಂಡರು. ಎರಡು ಬಾಟಲಿ ರಕ್ತ ಕೊಟ್ಟರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಕೆ ಎ.ಆರ್.ಟಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆಂದು ತಾನಾಗಿಯೇ ಹೇಳಿದ್ದಳು. ಹಾಗೆ ಹೇಳಬೇಕೆಂದು ಕಲಿಸಿದವಳು ನಾನೇ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕೇಸ್ ಶೀಟಿನ ಹೊದಿಕೆಯ ಮೇಲೆ ಕೆಂಪು ಶಾಯಿಯ ದೊಡ್ಡ ವೃತ್ತ, ಅದರೊಳಗೆ ಮೂರು ಇಂಗ್ಲಿಷ್ ಅಕ್ಷರಗಳು. ಆ ಕೇಸ್ ಶೀಟ್ ಮಂಚದ ಕಾಲಿನ ಕಡೆ ತೂಗುತ್ತಿತ್ತು. ಊಟದ ಡಬ್ಬಿ ತಂದಿದ್ದ ನಾದಿನಿ ಅದನ್ನು ಓದಿದಳು. ಹದಿನೈದು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಗುಟ್ಟು ಒಂದು ಪೆನ್ನಿನ ಗೀಟಿನಿಂದ ಬಯಲಾಯಿತು. ಆ ದಿನದಿಂದ ನಾದಿನಿ ಡಬ್ಬಿ ತರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಥಿಯೇಟರಿನ ಬಾಗಿಲ ಪಕ್ಕ ಅಂಟಿಸಿದ್ದ ಪಟ್ಟಿಯಲ್ಲಿ ಆಕೆಯದು ಕೊನೆಯ ಹೆಸರು. ಹಿಂದಿನ ರಾತ್ರಿಯಿಂದ ಅನ್ನ ನೀರಿಲ್ಲ. ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋದರು, ಹೊರಗೆ ತಂದರು. ಮಧ್ಯಾಹ್ನ ಮೂರೂವರೆಗೆ ಅರಿವಳಿಕೆ ವೈದ್ಯರು ಹೋಗಿಬಿಟ್ಟಿದ್ದಾರೆ, ಇವತ್ತು ಆಗುವುದಿಲ್ಲ ಎಂದು ನರ್ಸ್ ಬಂದು ಹೇಳಿದರು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಉಪವಾಸ, ಅದೇ ಕೊನೆಯ ಹೆಸರು, ಅದೇ ಉತ್ತರ. ಆ ಸಲ ಅವಳ ಕೈಗೆ ಒಂದು ಚೀಟಿಯನ್ನೂ ಕೊಟ್ಟಿದ್ದರು. ಹೊರಗಿನ ಔಷಧಿ ಅಂಗಡಿಯಿಂದ 'ಎಚ್‌ಐವಿ ಕಿಟ್' ತರಬೇಕಂತೆ. ಒಮ್ಮೆ ಬಳಸಿ ಎಸೆಯುವ ಗೌನು, ಕಾಲುಚೀಲ, ಮುಖಗವಸು, ಕನ್ನಡಕ, ಇಷ್ಟೇ ಅದರಲ್ಲಿರುವುದು. ಆಕೆಯ ಒಂದು ವಾರದ ಕೂಲಿ ಅದಕ್ಕೆ ಹೋಯಿತು. ಪಕ್ಕದ ಮಂಚದವರಿಗೆ ಅಂಥ ಚೀಟಿ ಕೊಟ್ಟಿರಲಿಲ್ಲ. ಮೂರನೆಯ ಸಲ ಹೆಸರು ಪಟ್ಟಿಯಲ್ಲೇ ಇರಲಿಲ್ಲ. 'ಉನ್ನತ ಆಸ್ಪತ್ರೆಗೆ ಕಳುಹಿಸಲಾಗಿದೆ' ಎಂದು ಬರೆದು ಬಿಡುಗಡೆ ಮಾಡಿದರು. ಕಾರಣ ಬರೆಯುವ ಸಾಲು ಖಾಲಿ ಇತ್ತು.

ನಾನು ಆಕೆಯನ್ನು ಕರೆದುಕೊಂಡು ಬೇರೊಂದು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಆಕೆಯ ಹೆಸರು ಪಟ್ಟಿಯಲ್ಲಿ ಎರಡನೆಯದು. ಹನ್ನೊಂದೂವರೆಗೆಲ್ಲ ವಾರ್ಡಿಗೆ ಬಂದಿದ್ದಳು. ಯಾವ ಕಿಟ್ಟನ್ನೂ ತರಿಸಲಿಲ್ಲ. ನಾನು ಚೀಲದಿಂದ ಹಳೆಯ ಕಿಟ್ ತೆಗೆದುಕೊಟ್ಟಾಗ ಅಲ್ಲಿಯ ಶಸ್ತ್ರಚಿಕಿತ್ಸಕಿ, "ಇದನ್ನು ಯಾರು ತರಲು ಹೇಳಿದರು? ನಾವು ಎಲ್ಲರಿಗೂ ಒಂದೇ ರೀತಿ ಎಚ್ಚರಿಕೆ ವಹಿಸುತ್ತೇವಮ್ಮ" ಎಂದರು. ಆರನೆಯ ದಿನ ಮನೆಗೆ ಬಂದಳು. ಅದೇ ಸರ್ಕಾರ, ಅದೇ ಸಂಬಳ, ಅದೇ ಕಾಯಿಲೆ. ಒಂದು ಆಸ್ಪತ್ರೆಯಲ್ಲಿ ಆಗದ್ದು ಇನ್ನೊಂದರಲ್ಲಿ ಹೇಗೆ ಆಯಿತು ಎಂಬುದೇ ಈ ಪತ್ರದ ಪ್ರಶ್ನೆ.

ಆಕೆ ಒಬ್ಬಳೇ ಅಲ್ಲ ಸ್ವಾಮಿ. ಹಲ್ಲು ಕೀಳಿಸಿಕೊಳ್ಳಲು ಹೋಗಿ ವಾಪಸ್ ಬಂದವರು, ಹೆರಿಗೆ ನೋವಿನಲ್ಲಿ ಆಂಬುಲೆನ್ಸ್ ಹತ್ತಿಸಿ ದೂರದ ಊರಿಗೆ ಕಳುಹಿಸಲ್ಪಟ್ಟವರು, ಡಯಾಲಿಸಿಸ್ ಯಂತ್ರ ಖಾಲಿ ಇಲ್ಲ ಎಂಬ ಉತ್ತರ ಪಡೆದವರು ನನ್ನ ಮೇಜಿನ ಎದುರು ಕೂತು ಅತ್ತಿದ್ದಾರೆ. ಎಚ್‌ಐವಿ ಇರುವವರು ಈಗ ಎಚ್‌ಐವಿಯಿಂದ ಸಾಯುವುದು ಕಡಿಮೆಯಾಗಿದೆ. ಅವರಿಗೂ ವಯಸ್ಸಾಗುತ್ತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ, ಮೊಣಕಾಲು ನೋವು ಅವರಿಗೂ ಬರುತ್ತಿವೆ. ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಸಂಖ್ಯೆ ಎರಡೂವರೆ ಲಕ್ಷಕ್ಕೂ ಹೆಚ್ಚೆಂದು ಅಂದಾಜಿದೆ. ಅಷ್ಟು ಜನರಿಗೆ ಎ.ಆರ್.ಟಿ. ಕೇಂದ್ರದ ಬಾಗಿಲೊಂದನ್ನು ತೆರೆದಿಟ್ಟರೆ ಸಾಲದು.

ಇಲ್ಲಿ ಸಂಶೋಧನೆಯ ಮಾತು ಎತ್ತಲೇಬೇಕು. ನಮ್ಮ ಭಾಗದಷ್ಟು ಅಧ್ಯಯನಕ್ಕೆ ಒಳಗಾದ ಜನ ಈ ದೇಶದಲ್ಲಿ ಕಡಿಮೆ. ಎರಡು ಸಾವಿರದ ದಶಕದ ಆರಂಭದಲ್ಲಿ ಭಾರತ–ಕೆನಡಾ ಸಹಯೋಗದ ಎಚ್‌ಐವಿ ಯೋಜನೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. 2003ರಲ್ಲಿ ಎಚ್‌ಐವಿ ತಡೆಯ ಕೆಲಸಕ್ಕಾಗಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು, ಎಚ್‌ಐವಿ ತಡೆಗಾಗಿ ಇದ್ದ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆಯವರು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೈಸೂರುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ದೇವದಾಸಿ ಪದ್ಧತಿ, ವಲಸೆ, ಬಡತನ, ಸೋಂಕು ಇವುಗಳ ನಡುವಿನ ಸಂಬಂಧವನ್ನು ಲೋಕ ತಿಳಿದುಕೊಂಡದ್ದರಲ್ಲಿ ನಮ್ಮ ಹೆಣ್ಣುಮಕ್ಕಳು ಕೊಟ್ಟ ಉತ್ತರಗಳ ಪಾಲು ದೊಡ್ಡದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಅಶೋದಯ ಸಮಿತಿಯನ್ನು ಕಟ್ಟಿ, ಅಧ್ಯಯನಕ್ಕೆ ಬರೀ ಉತ್ತರ ಹೇಳುವವರಾಗಿ ಉಳಿಯದೆ ತಾವೇ ಮುಂದಾಳುಗಳಾದರು.

ನಾನೂ ಪ್ರಶ್ನಾವಳಿಗಳನ್ನು ತುಂಬಿಸಿದವಳು. ಸಂಶೋಧಕರು ಬಂದಾಗ ರೋಗಿಗಳನ್ನು ಒಪ್ಪಿಸಿ ಕೂರಿಸುವುದು, ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಹಾಕಿಸುವುದು ಸಮಾಲೋಚಕರ ಪಾಲಿಗೆ ಬರುವ ಕೆಲಸ. ಮೇಲೆ ಹೇಳಿದ ತಾಯಿಯೂ ಒಮ್ಮೆ ಅಂಥ ಪ್ರಶ್ನಾವಳಿಗೆ ಒಂದು ಗಂಟೆ ಕೂತು ಉತ್ತರ ಕೊಟ್ಟಿದ್ದಳು. 'ಕಳೆದ ಹನ್ನೆರಡು ತಿಂಗಳಲ್ಲಿ ನಿಮಗೆ ಯಾವುದಾದರೂ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸಲಾಗಿದೆಯೇ?' ಎಂಬ ಪ್ರಶ್ನೆ ಅದರಲ್ಲಿತ್ತು. ಆಗ ಇಲ್ಲ ಎಂದಿದ್ದಳು. ಮೂರನೆಯ ಸಲ ಬಿಡುಗಡೆ ಚೀಟಿ ಹಿಡಿದುಕೊಂಡು ಬಂದ ದಿನ ನನ್ನನ್ನು ಕೇಳಿದಳು: "ಅಕ್ಕಾ, ಆ ಪುಸ್ತಕದವರು ಮತ್ತೆ ಬರುತ್ತಾರಾ? ನನ್ನ ಉತ್ತರ ಬದಲಾಯಿಸಬೇಕು." ಅವರು ಮತ್ತೆ ಬರಲಿಲ್ಲ. ಆ ಅಧ್ಯಯನದಿಂದ ಏನು ತಿಳಿಯಿತೆಂದು ಆಕೆಗಾಗಲಿ ನನಗಾಗಲಿ ಕನ್ನಡದಲ್ಲಿ ಒಂದು ಹಾಳೆಯನ್ನೂ ಯಾರೂ ಕೊಟ್ಟಿಲ್ಲ.

ಆದರೆ ಸಂಶೋಧನೆಯ ಫಲವೇ ಇಲ್ಲವೆಂದು ನಾನು ಹೇಳಲಾರೆ. ಫಲವಿದೆ, ಅದು ನಮ್ಮ ಥಿಯೇಟರಿನ ಬಾಗಿಲವರೆಗೆ ಬಂದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ಒಂಬತ್ತು ದೇಶಗಳ 1,763 ದಂಪತಿಗಳ ಮೇಲೆ ನಡೆದ ಎಚ್‌ಪಿಟಿಎನ್ 052 ಎಂಬ ಅಧ್ಯಯನದಲ್ಲಿ ನಮ್ಮ ಚೆನ್ನೈ ಮತ್ತು ಪುಣೆಯವರೂ ಇದ್ದರು. ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಅದು ತೋರಿಸಿತು. ಯುರೋಪಿನಲ್ಲಿ ನಡೆದ 'ಪಾರ್ಟ್ನರ್' ಎಂಬ ಹೆಸರಿನ ಅಧ್ಯಯನಗಳು 2016 ಮತ್ತು 2019ರಲ್ಲಿ ಪ್ರಕಟವಾದವು. ವೈರಾಣು ಹತೋಟಿಯಲ್ಲಿದ್ದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ತಗಲಿದ ಒಂದೇ ಒಂದು ಪ್ರಕರಣವೂ ಅವುಗಳಲ್ಲಿ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸೂಜಿ ಚುಚ್ಚಿಕೊಳ್ಳುವುದು ಬೇರೆ ಲೆಕ್ಕ ಎಂದು ವೈದ್ಯರು ಹೇಳಬಹುದು, ಆ ಮಾತು ನ್ಯಾಯವೇ. ಆ ಲೆಕ್ಕವೂ ಇದೆ. ಚಿಕಿತ್ಸೆಯಲ್ಲಿ ಇಲ್ಲದವರ ರಕ್ತವಿರುವ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ಬರುವ ಸಂಭವ ಸಾವಿರಕ್ಕೆ ಸುಮಾರು ಮೂರು. ವೈರಲ್ ಲೋಡ್ ಪತ್ತೆಯಾಗದವರಿಂದ ಅದಕ್ಕಿಂತ ಎಷ್ಟೋ ಕಡಿಮೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಹೀಗಿರುವಾಗ ತನ್ನ ಸ್ಥಿತಿಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡು, ಹದಿನೈದು ವರ್ಷ ಮಾತ್ರೆ ನುಂಗಿದ ಹೆಂಗಸು ಥಿಯೇಟರಿಗೆ ಅಪಾಯವೋ, ಪರೀಕ್ಷೆಯನ್ನೇ ಮಾಡಿಸದೆ ಅಥವಾ ಸೋಂಕಿನ ಮೊದಲ ವಾರಗಳಲ್ಲಿ ಪರೀಕ್ಷೆಗೂ ಸಿಕ್ಕದೆ ಪಟ್ಟಿಯ ಮೊದಲಲ್ಲಿರುವವರು ಅಪಾಯವೋ? ಎಲ್ಲ ರೋಗಿಗಳಿಗೂ ಒಂದೇ ಬಗೆಯ ಎಚ್ಚರಿಕೆ ಎಂಬ ನಿಯಮ ಬಂದದ್ದೇ ಈ ಕಾರಣಕ್ಕೆ. ಅದನ್ನು ಪಾಲಿಸಿದರೆ ಕೊನೆಯ ಕೇಸ್ ಎಂಬುದಕ್ಕೆ ಅರ್ಥವೇ ಇಲ್ಲ.

ಸಿಬ್ಬಂದಿಯನ್ನು ಜರಿಯುವುದು ನನ್ನ ಉದ್ದೇಶವಲ್ಲ. ಅವರ ಭಯ ಎಲ್ಲಿಂದ ಹುಟ್ಟುತ್ತದೆಂದು ನನಗೆ ಗೊತ್ತು. ಒಂದು ರಾತ್ರಿ ಹತ್ತು ಗಂಟೆಗೆ ಹೆರಿಗೆ ವಾರ್ಡಿನ ಯುವ ನರ್ಸ್ ಒಬ್ಬರು ಸೂಜಿ ಚುಚ್ಚಿಕೊಂಡು ನನಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಅಂಥ ಸಂದರ್ಭದಲ್ಲಿ ಕೊಡುವ ತಡೆ ಔಷಧಿಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಔಷಧಿ ಇದ್ದದ್ದು ಎ.ಆರ್.ಟಿ. ಕೇಂದ್ರದ ಬೀರುವಿನಲ್ಲಿ. ಬೀರುವಿನ ಕೀಲಿ ಔಷಧಿ ವಿತರಕರ ಮನೆಯಲ್ಲಿ. ಅವರ ಮನೆ ಇಪ್ಪತ್ತೆರಡು ಕಿಲೋಮೀಟರ್ ದೂರ. ಆ ಹುಡುಗಿ ಬೆಳಗಿನವರೆಗೆ ಕಣ್ಣು ಮುಚ್ಚದೆ ಕೂತಿದ್ದಳು. ಅವಳಿಗೆ ಸೋಂಕು ತಗಲಲಿಲ್ಲ. ಆದರೆ ಆ ರಾತ್ರಿ ಅವಳೊಳಗೆ ಹೊಕ್ಕ ಭಯ ಮುಂದೆ ಎಷ್ಟು ರೋಗಿಗಳ ಮೇಲೆ ಹೋಯಿತೋ ನಾನು ಹೇಳಲಾರೆ. ಕೈಗವಸು ಎಣಿಸಿ ಕೊಡುವ ವಾರ್ಡಿನಲ್ಲಿ ಕಳಂಕದ ಬಗ್ಗೆ ಉಪನ್ಯಾಸ ಮಾಡಿದರೆ ಯಾರ ಕಿವಿಗೂ ಹೋಗುವುದಿಲ್ಲ.

ಭಯ ಕಳೆಯುವ ದಾರಿಯನ್ನೂ ನಮ್ಮ ರಾಜ್ಯದವರೇ ಕಂಡುಹಿಡಿದಿದ್ದಾರೆ. ಮುಂಬೈ ಮತ್ತು ಬೆಂಗಳೂರಿನ ವೈದ್ಯರು, ನರ್ಸ್‌ಗಳು, ವಾರ್ಡ್ ಸಿಬ್ಬಂದಿಯ ನಡುವೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸೋಂಕು ಹೇಗೆ ಹರಡುತ್ತದೆಂಬ ತಪ್ಪು ತಿಳಿವಳಿಕೆ ಮತ್ತು 'ಅವರು ಮಾಡಿಕೊಂಡದ್ದು' ಎಂಬ ಮನೋಭಾವ ತಾರತಮ್ಯಕ್ಕೆ ಕಾರಣವಾಗುತ್ತವೆ ಎಂದು ಅದರಲ್ಲಿ ಕಂಡಿತು. ಆಮೇಲೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಜೊತೆಗೂಡಿ ನರ್ಸಿಂಗ್ ವಿದ್ಯಾರ್ಥಿಗಳಿಗೂ ವಾರ್ಡ್ ಸಿಬ್ಬಂದಿಗೂ ಒಂದು ತರಬೇತಿ ರೂಪಿಸಿದರು. ಟ್ಯಾಬ್ಲೆಟ್‌ನಲ್ಲಿ ನೋಡಿ ಕಲಿಯುವ ಎರಡು ಪಾಠ, ನಂತರ ಎಚ್‌ಐವಿಯೊಂದಿಗೆ ಬದುಕುತ್ತಿರುವವರೊಬ್ಬರೂ ಸೇರಿ ನಡೆಸುವ ಮುಖಾಮುಖಿ ಮಾತುಕತೆ. ಅದನ್ನು ಪರೀಕ್ಷಿಸಿ, ತಾರತಮ್ಯದ ಮನೋಭಾವ ಇಳಿಯುತ್ತದೆ ಎಂದೂ ತೋರಿಸಿದ್ದಾರೆ. ಎರಡು ಪಾಠ, ಒಂದು ಭೇಟಿ, ಅಷ್ಟೇ. ಇದು ಯೋಜನೆಯ ಅವಧಿ ಮುಗಿದೊಡನೆ ಮುಗಿದುಹೋಗಬೇಕಾದ ಕೆಲಸವೇ?

ಇನ್ನು ಕಾನೂನು. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಅದರ 3ನೇ ಕಲಂ ಆರೋಗ್ಯ ಸೇವೆಯನ್ನು ನಿರಾಕರಿಸುವುದನ್ನೂ ನಿಲ್ಲಿಸುವುದನ್ನೂ ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಸಂಶೋಧನೆಗೆ ಒಳಪಡಿಸುವುದನ್ನೂ 5ನೇ ಕಲಂ ತಡೆಯುತ್ತದೆ. 8ನೇ ಕಲಂ ಗುಟ್ಟನ್ನು ಕಾಯುತ್ತದೆ. ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ತರಬೇತಿ, ತಡೆ ಔಷಧಿ ಒದಗಿಸುವ ಹೊಣೆಯನ್ನು 19ನೇ ಕಲಂ ಸಂಸ್ಥೆಯ ಮೇಲೆ ಹೊರಿಸುತ್ತದೆ. ಅಂದರೆ ಈ ಕಾಯ್ದೆ ಮಂಚದ ಮೇಲಿನ ತಾಯಿಗೆ ಎಷ್ಟು ಸೇರಿದ್ದೋ ಆ ರಾತ್ರಿ ನಿದ್ದೆಗೆಟ್ಟ ನರ್ಸಿಗೂ ಅಷ್ಟೇ ಸೇರಿದ್ದು. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಆರೋಗ್ಯ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಒಂಬುಡ್ಸ್‌ಮನ್ ರಾಜ್ಯಕ್ಕೆ ಇರಬೇಕು. ಅವರು ದೂರು ಬಂದ ಮೂವತ್ತು ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಆದೇಶ ಕೊಡಬೇಕು. ಇಷ್ಟು ಒಳ್ಳೆಯ ಕಾನೂನಿದ್ದೂ ನಾನು ಓಡಾಡಿದ ಯಾವ ಆಸ್ಪತ್ರೆಯ ಗೋಡೆಯ ಮೇಲೂ ದೂರು ಅಧಿಕಾರಿಯ ಹೆಸರನ್ನು ಕಂಡಿಲ್ಲ. ಆ ತಾಯಿಗೆ ದೂರು ಕೊಡೋಣವೆಂದು ಹೇಳಿದಾಗ, "ಯಾರಿಗೆ ಅಕ್ಕಾ?" ಎಂದು ಕೇಳಿದಳು. ಸಮಾಲೋಚಕಿಯಾದ ನನಗೇ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾರನ್ನೂ ಶಸ್ತ್ರಚಿಕಿತ್ಸೆಯ ಪಟ್ಟಿಯ ಕೊನೆಗೆ ತಳ್ಳಬಾರದು, ಹೊರಗಿನಿಂದ ಕಿಟ್ ತರಿಸಬಾರದು, ಕೇಸ್ ಶೀಟಿನ ಹೊರಗೆ ಯಾವ ಗುರುತನ್ನೂ ಹಾಕಬಾರದು ಎಂದು ಇಲಾಖೆಯಿಂದ ಸ್ಪಷ್ಟ ಸುತ್ತೋಲೆ ಹೊರಡಲಿ. ರೋಗಿಯನ್ನು ಬೇರೆಡೆಗೆ ಕಳುಹಿಸಿದರೆ ಕಾರಣದ ಸಾಲನ್ನು ತುಂಬಿ, ವೈದ್ಯರು ಸಹಿ ಮಾಡುವುದು ಕಡ್ಡಾಯವಾಗಲಿ. ಆ ಒಂದು ಸಾಲು ಖಾಲಿ ಬಿಡುವಂತಿಲ್ಲ ಎಂದಾದರೆ ಅರ್ಧ ತೊಂದರೆ ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ತಡೆ ಔಷಧಿಯ ಮೊದಲ ಕೆಲವು ದಿನಗಳ ಮಾತ್ರೆಗಳು ಎ.ಆರ್.ಟಿ. ಕೇಂದ್ರದ ಬೀರುವಿನಲ್ಲಿ ಮಾತ್ರವಲ್ಲದೆ ಹೆರಿಗೆ ವಾರ್ಡ್, ಥಿಯೇಟರ್ ಮತ್ತು ತುರ್ತು ವಿಭಾಗದಲ್ಲಿ ಹಗಲು ರಾತ್ರಿ ಸಿಗಲಿ. ಎಲ್ಲ ಸಿಬ್ಬಂದಿಗೆ, ಗುತ್ತಿಗೆಯ ಗ್ರೂಪ್ ಡಿ ನೌಕರರಿಗೂ ಸೇರಿಸಿ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ದೂರು ಅಧಿಕಾರಿಯ ಮತ್ತು ಒಂಬುಡ್ಸ್‌ಮನ್ ಅವರ ಹೆಸರು, ಫೋನ್ ಸಂಖ್ಯೆಗಳನ್ನು ಹೊರರೋಗಿ ವಿಭಾಗದ ಗೋಡೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ.

ಸಂಶೋಧನೆಯ ವಿಷಯದಲ್ಲಿ ಒಂದು ಬೇಡಿಕೆ ಪ್ರತ್ಯೇಕವಾಗಿದೆ. ನಮ್ಮ ಕೇಂದ್ರಗಳಲ್ಲಿ ಅಧ್ಯಯನ ನಡೆಸಲು ಅನುಮತಿ ಕೊಡುವಾಗಲೇ, ಅದು ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆದು ಅದೇ ಕೇಂದ್ರಕ್ಕೆ ಬಂದು, ಉತ್ತರ ಕೊಟ್ಟವರ ಎದುರಿಗೇ ಓದಿ ಹೇಳಬೇಕೆಂಬ ಷರತ್ತು ಹಾಕಿ. ಪ್ರಶ್ನೆ ರೂಪಿಸುವ ಸಮಿತಿಯಲ್ಲಿ ಸೋಂಕಿನೊಂದಿಗೆ ಬದುಕುತ್ತಿರುವವರು ಇರಲಿ. ಚಿಕಿತ್ಸೆ ನಿರಾಕರಣೆಯ ಉತ್ತರ ಬಂದಲ್ಲಿ, ಗುರುತು ಬಿಟ್ಟುಕೊಡದೆ ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ತಿಳಿಸುವ ದಾರಿಯೊಂದು ಇರಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ.

ಈ ಪತ್ರಕ್ಕೆ ಎಂದಿನ ಒಕ್ಕಣೆಯ ಉತ್ತರ, 'ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂಬ ಕಾಗದ ಬರಬಾರದೆಂದು ಕೈಮುಗಿದು ಕೇಳುತ್ತೇನೆ. ಅದಕ್ಕೆ ಬದಲು, ತಮ್ಮ ಇಲಾಖೆಯ ಯಾರಾದರೊಬ್ಬ ಹಿರಿಯ ಅಧಿಕಾರಿಯನ್ನು ಮೊದಲೇ ತಿಳಿಸದೆ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಕಳುಹಿಸಿ. ಥಿಯೇಟರಿನ ಬಾಗಿಲ ಪಕ್ಕ ಅಂಟಿಸಿರುವ ಪಟ್ಟಿಯನ್ನು ಕೆಳಗಿನಿಂದ ಓದಲು ಹೇಳಿ. ಕೊನೆಯ ಹೆಸರಿನವರು ಯಾವ ಮಂಚದಲ್ಲಿದ್ದಾರೆಂದು ಕೇಳಿಕೊಂಡು ಹೋಗಿ, ಅವರು ಯಾವಾಗಿನಿಂದ ನೀರು ಕುಡಿದಿಲ್ಲವೆಂದು ವಿಚಾರಿಸಿ ಬರಲಿ.

ತಮ್ಮ ವಿಶ್ವಾಸಿ,
ಎ.ಆರ್.ಟಿ. ಕೇಂದ್ರದ ಮಾಜಿ ಆಪ್ತ ಸಮಾಲೋಚಕಿ